ಗುಂಡಿಯ ಎಸ್ಟಿಮೇಟು

ಕಲ್ಲು, ಗರಸು, ಇಟ್ಟಿಗೆ ಮಣ್ಣು ತೆಗೆದ ನೆಲವನ್ನು ಮತ್ತೆ ಒಂದು ಬಳಕೆಗೆ ತರಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ತೋಡುವ ಮೊದಲೇ ಅಂದಾಜು ಮಾಡಬಹುದು. ರಸ್ತೆಗೆ, ಸೇತುವೆಗೆ ಎಸ್ಟಿಮೇಟು ಹಾಕುವ ಕ್ರಮವೇ ಇಲ್ಲಿಗೂ ಸಾಕು: ಕೆಲಸಗಳ ಪಟ್ಟಿ, ಪ್ರತಿ ಕೆಲಸದ ಅಳತೆ, ಅಳತೆಗೆ ತಕ್ಕ ದರ. ವ್ಯತ್ಯಾಸವಿರುವುದು ಎರಡು ಕಡೆ. ಕೆಲಸ ನಡೆಯುವುದು ಎಸ್ಟಿಮೇಟು ಹಾಕಿ ಹತ್ತು, ಇಪ್ಪತ್ತು ವರ್ಷಗಳಾದ ಮೇಲೆ. ಆ ಹೊತ್ತಿಗೆ ಖರ್ಚು ಮಾಡಬೇಕಾದವನಿಗೆ ಆ ನೆಲದಿಂದ ಯಾವ ಆದಾಯವೂ ಉಳಿದಿರುವುದಿಲ್ಲ. ಈ ಎರಡು ಕಾರಣಗಳಿಂದಲೇ ಗುಂಡಿಯ ಎಸ್ಟಿಮೇಟಿಗೆ ಪ್ರತ್ಯೇಕ ಶಿಸ್ತು ಬೇಕಾಗುತ್ತದೆ.

ಹರಿಹರ, ದಾವಣಗೆರೆ ಸುತ್ತಿನ ನೆಲದಲ್ಲಿ ಈ ಲೆಕ್ಕಕ್ಕೆ ಬೇಕಾದ ಎಲ್ಲ ಬಗೆಯ ಉದಾಹರಣೆಗಳೂ ಸಿಗುತ್ತವೆ. ಜಿಲ್ಲೆಯ ತಳದಲ್ಲಿ ನೈಸ್, ಗ್ರಾನೈಟ್ ಮತ್ತು ಧಾರವಾಡ ಶಿಸ್ಟ್ ಕಲ್ಲುಗಳಿವೆ. ಒಣಭೂಮಿಯ ಕಡೆ ಕಲ್ಲು ಕ್ವಾರಿ, ಕ್ರಷರ್‌ಗಳು. ತುಂಗಭದ್ರೆಯ ದಡದ ಉದ್ದಕ್ಕೆ ಇಟ್ಟಿಗೆ ಭಟ್ಟಿಗಳು ಮತ್ತು ಮರಳು. ಹೆದ್ದಾರಿಯ ಆಸುಪಾಸಿನಲ್ಲಿ ಗರಸಿನ ಗುಂಡಿಗಳು. ಬೆಂಗಳೂರು–ಪುಣೆ ಹೆದ್ದಾರಿ ಈ ಭಾಗದಲ್ಲೇ ಹಾದುಹೋಗುತ್ತದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆಗೆ ಬೇಡಿಕೆ ಇರುವ ಕಡೆ ಗುಂಡಿಗಳೂ ಇರುತ್ತವೆ. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳೂ ಇದೇ ನೆಲದಲ್ಲಿವೆ. ಹಾಗಾಗಿ ಒಂದು ಗುಂಡಿಯ ಖರ್ಚು ಪಕ್ಕದ ಹೊಲದವರಿಗೂ ತಟ್ಟುತ್ತದೆ.

ಮೊದಲು ಬಳಕೆ, ಆಮೇಲೆ ಬೆಲೆ

ಪುನಶ್ಚೇತನದ ವೆಚ್ಚವನ್ನು ತೀರ್ಮಾನಿಸುವ ಮೊದಲ ಪ್ರಶ್ನೆ, ಆ ನೆಲ ಕೊನೆಗೆ ಏನಾಗಬೇಕು ಎಂಬುದು. ಮತ್ತೆ ಹೊಲವಾಗಬೇಕೆ, ನೀರಿನ ಹೊಂಡವಾಗಬೇಕೆ, ಗಿಡಮರದ ತೋಪಾಗಬೇಕೆ ಅಥವಾ ಯಾರೂ ಬೀಳದ ಹಾಗೆ ಬೇಲಿ ಹಾಕಿದ ಸುರಕ್ಷಿತ ಜಾಗವಾದರೆ ಸಾಕೇ? ಒಂದೇ ಗುಂಡಿಗೆ ಈ ನಾಲ್ಕು ಉತ್ತರಗಳ ನಡುವೆ ಖರ್ಚು ಹತ್ತು ಪಟ್ಟು ಹೆಚ್ಚು ಕಡಿಮೆಯಾಗಬಹುದು. ಬಳಕೆ ನಿಗದಿಯಾಗದೆ ಎಕರೆಗೆ ಇಷ್ಟು ಎಂದು ಹೇಳುವ ಯಾವ ಮೊತ್ತಕ್ಕೂ ಅರ್ಥವಿಲ್ಲ.

ಎರಡನೆಯದು ಜಮೀನಿನ ಒಡೆತನ. ಸರ್ಕಾರಿ ಜಾಗದ ಕ್ವಾರಿಯಾದರೆ ಕೊನೆಯಲ್ಲಿ ನೆಲ ಸರ್ಕಾರದ ಕೈಗೆ ಬರುತ್ತದೆ. ಪಟ್ಟಾ ಜಮೀನಿನಲ್ಲಾದರೆ ಗುತ್ತಿಗೆದಾರ ಬೇರೆ, ಜಮೀನಿನ ರೈತ ಬೇರೆ. ಕಲ್ಲಿನ ಅಥವಾ ಮಣ್ಣಿನ ಹಣ ಒಂದೇ ಸಲ ಕೈಗೆ ಬಂದು ಮುಗಿದಿರುತ್ತದೆ. ಪಹಣಿಯಲ್ಲಿ ಮಾತ್ರ ಆ ಎಕರೆಗಳು ಹಾಗೆಯೇ ಇರುತ್ತವೆ. ಆದ್ದರಿಂದ ಕೊನೆಯ ಬಳಕೆ ಯಾವುದೆಂಬ ಮಾತು ಕರಾರಿನಲ್ಲೇ ಬರೆದಿರಬೇಕು. ಇಲ್ಲವಾದರೆ ಎಸ್ಟಿಮೇಟು ಹಾಕುವವರಿಗೆ ಹಿಡಿದುಕೊಳ್ಳಲು ಆಧಾರವೇ ಇರುವುದಿಲ್ಲ.

ಒಂದು ಮಾದರಿ ಕ್ವಾರಿ

ಲೆಕ್ಕ ನಡೆಯುವ ಬಗೆಯನ್ನು ಒಂದು ಕಾಲ್ಪನಿಕ ಕಲ್ಲು ಕ್ವಾರಿಯ ಮೇಲೆ ತೋರಿಸಬಹುದು. 100 ಮೀಟರ್ ಅಗಲ, 200 ಮೀಟರ್ ಉದ್ದ, ಅಂದರೆ 2 ಹೆಕ್ಟೇರ್, ಸುಮಾರು 5 ಎಕರೆಯ ಗುತ್ತಿಗೆ. ಗಡಿಯಿಂದ ಒಳಕ್ಕೆ 7.5 ಮೀಟರ್ ಸುರಕ್ಷತಾ ಪಟ್ಟಿ ಬಿಟ್ಟರೆ ತೋಡಲು ಸಿಗುವುದು 85 ಮತ್ತು 185 ಮೀಟರ್‌ಗಳ ಆಯತ. 1961ರ ಲೋಹ ಗಣಿಗಳ ನಿಯಮಾವಳಿಯ ಪ್ರಕಾರ ಗಟ್ಟಿ ಕಲ್ಲಿನಲ್ಲಿ ಗೋಡೆಯನ್ನು ನೇರಕ್ಕೆ ಇಳಿಸುವಂತಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಅಂದರೆ ಬೆಂಚುಗಳಾಗಿ ಕತ್ತರಿಸಬೇಕು. ಒಂದು ಬೆಂಚಿನ ಎತ್ತರ ಸಾಮಾನ್ಯವಾಗಿ 6 ಮೀಟರ್, ಅಗಲ ಎತ್ತರಕ್ಕಿಂತ ಕಡಿಮೆಯಿರಬಾರದು.

ಮೂರು ಬೆಂಚುಗಳಲ್ಲಿ 18 ಮೀಟರ್ ಆಳಕ್ಕೆ ಇಳಿದರೆ ಮೊದಲ ಬೆಂಚಿನಿಂದ 94,350 ಘನ ಮೀಟರ್, ಎರಡನೆಯದರಿಂದ 75,774, ಮೂರನೆಯದರಿಂದ 58,926, ಒಟ್ಟು ಸುಮಾರು 2.29 ಲಕ್ಷ ಘನ ಮೀಟರ್ ಹೊರಬರುತ್ತದೆ. ಘನ ಮೀಟರಿಗೆ 2.6 ಟನ್‌ನಂತೆ ಇದು ಸುಮಾರು 5.95 ಲಕ್ಷ ಟನ್. ಮೇಲಿನ ಒಂದು ಮೀಟರ್ ಮಣ್ಣು ಮತ್ತು ಗರಸು ಎಂದು ಹಿಡಿದರೆ ಅದರ ಪಾಲು 15,725 ಘನ ಮೀಟರ್. ಕೊನೆಯಲ್ಲಿ ನೆಲದ ಮೇಲೆ ಹೊದಿಸಲು ಸ್ಥಳದಲ್ಲೇ ಸಿಗುವ ಸಾಮಗ್ರಿ ಇಷ್ಟೇ. ಇದನ್ನು ಮೊದಲ ದಿನವೇ ಬೇರೆ ರಾಶಿ ಹಾಕಿ ಕಾಪಾಡಿದರೆ ಮುಂದಿನ ಖರ್ಚಿನ ದೊಡ್ಡ ಭಾಗ ಉಳಿಯುತ್ತದೆ. ಮಾರಿಕೊಂಡರೆ ಅಷ್ಟನ್ನೂ ಹೊರಗಿನಿಂದ ತರಬೇಕು.

ಗುಂಡಿಯನ್ನು ಪೂರ್ತಿ ಮುಚ್ಚಿ ಹೊಲ ಮಾಡುವುದಾದರೆ ಹೊರಗಿನಿಂದ ಬರಬೇಕಾದ ಮಣ್ಣು ಸುಮಾರು 2.13 ಲಕ್ಷ ಘನ ಮೀಟರ್. ಅಗೆದು, ಸಾಗಿಸಿ, ತುಂಬಿ, ಗಟ್ಟಿ ಮಾಡಲು ಘನ ಮೀಟರಿಗೆ ₹250 ಎಂದು ಹಿಡಿದರೆ ₹5.33 ಕೋಟಿ. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುವುದರಿಂದ 10 ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ಇದು 26 ಸಾವಿರಕ್ಕೂ ಹೆಚ್ಚು ಲೋಡು. ಅಷ್ಟು ಮಣ್ಣನ್ನು ಒಂದು ಮೀಟರ್ ಆಳಕ್ಕೆ ಕೆರೆದು ತರುವುದಾದರೆ 52 ಎಕರೆ ನೆಲ ಬೇಕು. ಐದು ಎಕರೆ ಉಳಿಸಲು ಐವತ್ತೆರಡು ಎಕರೆ ಕೆಡಿಸುವ ಈ ಲೆಕ್ಕವೇ ಆಳವಾದ ಕಲ್ಲು ಕ್ವಾರಿಯನ್ನು ಪೂರ್ತಿ ಮುಚ್ಚುವ ಮಾತನ್ನು ಅಲ್ಲಿಗೇ ಕೈಬಿಡಿಸುತ್ತದೆ.

ಹೊರಗಿನ ಮಣ್ಣಿನ ಬದಲು ಬೇರೆ ತುಂಬುವ ಸಾಮಗ್ರಿಗಳಿವೆ. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಗಣಿ ಗುಂಡಿಗಳಿಗೆ ತುಂಬುವುದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಒಪ್ಪುವ ಬಳಕೆಗಳಲ್ಲಿ ಒಂದು. ಕೆಡವಿದ ಕಟ್ಟಡಗಳ ಅವಶೇಷವನ್ನೂ ಬಳಸಬಹುದು. ಊರಿನ ಕಸವನ್ನು ಸುರಿಯುವುದು ಮಾತ್ರ ಅಗ್ಗವಾಗಿ ಕಂಡರೂ ಅಗ್ಗವಲ್ಲ. ಬೆಂಗಳೂರಿನ ಕಸ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳಿಗೆ ಹೋಗಿದೆ. ತಳದಲ್ಲಿ ನೀರು ಇಂಗದ ಪದರ ಹಾಕಿ, ಕಸದಿಂದ ಇಳಿಯುವ ಕೊಳೆನೀರನ್ನು ಹೊರತೆಗೆದು ಶುದ್ಧೀಕರಿಸುವ ಖರ್ಚು ಸೇರಿಸಿದರೆ ಅದು ಪುನಶ್ಚೇತನದ ಲೆಕ್ಕವಾಗಿ ಉಳಿಯದೆ ಕಸ ವಿಲೇವಾರಿಯ ಬೇರೆಯೇ ಯೋಜನೆಯಾಗುತ್ತದೆ.

ಹೊಂಡದ ಲೆಕ್ಕ

ಮುಚ್ಚಲಾಗದ ಕ್ವಾರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ನೀರಿನ ಹೊಂಡ. ಇದನ್ನೂ ಅಳೆದೇ ಒಪ್ಪಬೇಕು. ದಾವಣಗೆರೆ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600ರಿಂದ 650 ಮಿ.ಮೀ. ಮಾದರಿ ಕ್ವಾರಿಯ 2 ಹೆಕ್ಟೇರಿನ ಮೇಲೆ 600 ಮಿ.ಮೀ. ಮಳೆ ಬಿದ್ದು ಒಂದು ಹನಿಯೂ ಪೋಲಾಗದಿದ್ದರೆ ಸಿಗುವುದು 12,000 ಘನ ಮೀಟರ್. ಗುಂಡಿಯ ತಳದ ವಿಸ್ತೀರ್ಣ 9,821 ಚದರ ಮೀಟರ್. ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುತ್ತದೆ ಎಂದು ಹಿಡಿದರೂ 14,700 ಘನ ಮೀಟರ್ ಹೋಗುತ್ತದೆ. ಬರುವುದಕ್ಕಿಂತ ಹೋಗುವುದೇ ಹೆಚ್ಚು. ಸುತ್ತಲಿನ ನೆಲದ ನೀರು ಹರಿದು ಬರುವ ಹಾಗೆ ಕಾಲುವೆ ತಿರುಗಿಸದೆ ಅಥವಾ ತಳ ಅಂತರ್ಜಲ ಮಟ್ಟಕ್ಕೆ ತಲುಪದೆ ಅಲ್ಲಿ ವರ್ಷಪೂರ್ತಿ ನೀರು ನಿಲ್ಲುವುದಿಲ್ಲ. ತಳ ಅಂತರ್ಜಲಕ್ಕೆ ತಲುಪಿದ್ದರೆ ಅಕ್ಕಪಕ್ಕದ ಕೊಳವೆಬಾವಿಗಳ ನೀರೇ ಆ ಹೊಂಡದಲ್ಲಿ ಬಯಲಿಗೆ ಬಂದು ಆವಿಯಾಗುತ್ತಿರುತ್ತದೆ. ಹೀಗಾಗಿ ಹೊಂಡ ಎಂದು ಬರೆದ ಎಸ್ಟಿಮೇಟಿನಲ್ಲಿ ನೀರು ಬರುವ ದಾರಿಯ ಖರ್ಚು ಮತ್ತು ಭೂಜಲ ವರದಿಯ ಖರ್ಚು ಎರಡೂ ಇರಬೇಕು.

ನಿಂತ ನೀರಿನ ಆಳವಾದ ಗುಂಡಿ ಮಕ್ಕಳಿಗೆ, ದನಕರುಗಳಿಗೆ ಅಪಾಯ. ಬೇಲಿ, ಎಚ್ಚರಿಕೆ ಫಲಕ, ನೀರಿಗೆ ಇಳಿಯಲು ಇಳಿಜಾರಿನ ದಾರಿ ಇವೆಲ್ಲ ಹೊಂಡದ ಎಸ್ಟಿಮೇಟಿನ ಕಡ್ಡಾಯ ಸಾಲುಗಳು.

ಬಿಡಿ ಕೆಲಸಗಳ ಪಟ್ಟಿ

ತಳದಲ್ಲಿ ನೀರು, ಬೆಂಚುಗಳ ಮೇಲೆ ಗಿಡ, ಸುತ್ತ ಬೇಲಿ ಎಂಬ ಬಳಕೆಗೆ ಮಾದರಿ ಕ್ವಾರಿಯ ಎಸ್ಟಿಮೇಟು ಹೀಗೆ ಬರುತ್ತದೆ. ದರಗಳು ಲೆಕ್ಕ ತೋರಿಸಲು ಹಿಡಿದವು. ನಿಜವಾದ ಕೆಲಸದಲ್ಲಿ ಲೋಕೋಪಯೋಗಿ ಇಲಾಖೆಯ ಆಯಾ ವರ್ಷದ ದರಪಟ್ಟಿಯ (ಎಸ್.ಆರ್.) ದರಗಳನ್ನು ಹಾಕಬೇಕು.

- ಕಾಯ್ದಿಟ್ಟ 15,725 ಘನ ಮೀಟರ್ ಮಣ್ಣನ್ನು ಬೆಂಚುಗಳ ಮೇಲೆ ಹರಡುವುದು, ಉಳಿದದ್ದರಿಂದ ಸುತ್ತ ಬದು ಹಾಕುವುದು: ಘನ ಮೀಟರಿಗೆ ₹120ರಂತೆ ₹18.87 ಲಕ್ಷ.
- 600 ಮೀಟರ್ ಸುತ್ತಳತೆಗೆ ಚೈನ್‌ಲಿಂಕ್ ಬೇಲಿ: ಮೀಟರಿಗೆ ₹1,500ರಂತೆ ₹9 ಲಕ್ಷ.
- 8,856 ಚದರ ಮೀಟರ್ ಕಲ್ಲುಗೋಡೆಯಿಂದ ಸಡಿಲ ಬಂಡೆ ಉದುರಿಸಿ ಸರಿಪಡಿಸುವುದು: ಚದರ ಮೀಟರಿಗೆ ₹60ರಂತೆ ₹5.31 ಲಕ್ಷ.
- ಬೆಂಚು ಮತ್ತು ಗಡಿ ಪಟ್ಟಿಯ 10,179 ಚದರ ಮೀಟರಿನಲ್ಲಿ ಮೂರು ಮೀಟರ್ ಅಂತರಕ್ಕೆ 1,131 ಗಿಡ: ಮೂರು ವರ್ಷದ ನೀರು, ಪೋಷಣೆ ಸೇರಿ ಗಿಡಕ್ಕೆ ₹600ರಂತೆ ₹6.79 ಲಕ್ಷ.
- ಸುತ್ತಲಿನ ಮಳೆನೀರನ್ನು ಹೊಂಡಕ್ಕೆ ಒಯ್ಯುವ 600 ಮೀಟರ್ ಕಾಲುವೆ: ₹3 ಲಕ್ಷ.
- ಸರ್ವೆ, ಭೂಜಲ ವರದಿ, ನೀರು ಮತ್ತು ಮಣ್ಣಿನ ಪರೀಕ್ಷೆ: ₹1.5 ಲಕ್ಷ.

ಒಟ್ಟು ₹44.47 ಲಕ್ಷ. ಕ್ರಷರ್ ಇದ್ದರೆ ಅದರ ಕಾಂಕ್ರೀಟ್ ಬುನಾದಿ ಒಡೆಯುವುದು, ಟಿಪ್ಪರ್ ಓಡಾಡಿ ಗಟ್ಟಿಯಾದ ನೆಲವನ್ನು ಸಡಿಲಗೊಳಿಸುವುದು, ಡೀಸೆಲ್ ಚೆಲ್ಲಿದ ಮಣ್ಣನ್ನು ತೆಗೆಯುವುದು ಪಟ್ಟಿಗೆ ಸೇರುತ್ತವೆ.

ಈ ಪಟ್ಟಿಯಲ್ಲಿ ಎಡವುವುದು ಹೆಚ್ಚಾಗಿ ಗಿಡದ ಸಾಲಿನಲ್ಲಿ. ಸಸಿಯ ಬೆಲೆ ಬರೆದು ನೀರಿನ ಖರ್ಚು ಬಿಟ್ಟರೆ ಮೊದಲ ಬೇಸಿಗೆಗೇ ಕೆಲಸ ಮುಗಿಯುತ್ತದೆ. ಹೊಂಗೆ, ಬೇವು, ಕಮರ, ಸೀತಾಫಲದಂಥ ಒಣನೆಲದ ಗಿಡಗಳಿಗೂ ಕಲ್ಲಿನ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲಿ ಬೇರು ಹಿಡಿಯಲು ಮೂರು ಬೇಸಿಗೆ ಟ್ಯಾಂಕರ್ ನೀರು ಬೇಕಾಗುತ್ತದೆ. ಸತ್ತ ಗಿಡಗಳ ಜಾಗದಲ್ಲಿ ಮತ್ತೆ ನೆಡುವ ಖರ್ಚೂ ಬೇರೆ. ರಾಶಿ ಹಾಕಿದ ಮೇಲ್ಮಣ್ಣೂ ವರ್ಷಗಟ್ಟಲೆ ಹಾಗೇ ಬಿದ್ದಿದ್ದರೆ ಸತ್ವ ಕಳೆದುಕೊಳ್ಳುತ್ತದೆ. ರಾಶಿಯನ್ನು ಎತ್ತರಕ್ಕೆ ಏರಿಸದೆ, ಮೇಲೆ ಹುರುಳಿ ಅಥವಾ ಸೆಣಬು ಚೆಲ್ಲಿ ಜೀವಂತವಾಗಿಡುವುದಕ್ಕೆ ಅಲ್ಪ ಖರ್ಚು ಸಾಕು.

ಬೇರೆಯವರು ಮಾಡಬೇಕಾಗಿ ಬಂದರೆ

ಗುತ್ತಿಗೆದಾರನ ಹಿಟಾಚಿ, ಟಿಪ್ಪರ್‌ಗಳು ಸ್ಥಳದಲ್ಲೇ ಇರುವಾಗ ಮಣ್ಣು ಹರಡುವ ಕೆಲಸ ಅಗ್ಗ. ಆದರೆ ಪುನಶ್ಚೇತನಕ್ಕೆಂದು ಅವನಿಂದ ಮುಂಚಿತವಾಗಿ ಠೇವಣಿ ಕೇಳುವುದೇ ಅವನು ಕೆಲಸ ಮಾಡದೆ ಹೋದರೆ ಎಂಬ ಕಾರಣಕ್ಕೆ. ಆಗ ಇಲಾಖೆ ಟೆಂಡರ್ ಕರೆಯಬೇಕು, ಹೊಸ ಗುತ್ತಿಗೆದಾರ ಯಂತ್ರಗಳನ್ನು ತರಬೇಕು, ಎಂಜಿನಿಯರ್ ಹೊಸದಾಗಿ ನಕ್ಷೆ ಮಾಡಬೇಕು. ಆದ್ದರಿಂದ ಎಸ್ಟಿಮೇಟು ಮೂರನೆಯವರ ದರದಲ್ಲೇ ಇರಬೇಕು. ಅಮೆರಿಕದ 1977ರ ಮೇಲ್ಮೈ ಕಲ್ಲಿದ್ದಲು ಗಣಿ ಕಾಯ್ದೆ ಈ ತತ್ವವನ್ನು ಕಾನೂನಾಗಿಸಿತು. ಗಣಿಯವನು ಕೈಬಿಟ್ಟರೆ ಸರ್ಕಾರಿ ಸಂಸ್ಥೆಯೇ ಕೆಲಸ ಪೂರೈಸಲು ಸಾಕಾಗುವಷ್ಟು ಠೇವಣಿ ಇರಬೇಕು ಎಂಬುದು ಅದರ ನಿಯಮ. ಅಲ್ಲಿನ ಗಣಿ ಪುನಶ್ಚೇತನ ಕಚೇರಿಯ ಕೈಪಿಡಿ ನೇರ ಕೆಲಸಗಳ ಮೇಲೆ ಯಂತ್ರ ಸಾಗಣೆ, ಮರುವಿನ್ಯಾಸ, ಗುತ್ತಿಗೆದಾರನ ಲಾಭ, ಮೇಲ್ವಿಚಾರಣೆ ಮತ್ತು ಅನಿರೀಕ್ಷಿತ ಖರ್ಚುಗಳನ್ನು ಬೇರೆ ಬೇರೆ ಸಾಲುಗಳಾಗಿ ಸೇರಿಸಲು ಹೇಳುತ್ತದೆ.

ಮಾದರಿ ಕ್ವಾರಿಗೆ ಯಂತ್ರ ಸಾಗಣೆ ಶೇ 4, ವಿನ್ಯಾಸ ಮತ್ತು ಮೇಲ್ವಿಚಾರಣೆ ಶೇ 5, ಗುತ್ತಿಗೆದಾರನ ಲಾಭ ಮತ್ತು ಮೇಲ್ವೆಚ್ಚ ಶೇ 15, ಅನಿರೀಕ್ಷಿತ ಶೇ 10 ಎಂದು ಹಿಡಿದರೆ ₹15.12 ಲಕ್ಷ ಸೇರಿ ಒಟ್ಟು ₹59.59 ಲಕ್ಷವಾಗುತ್ತದೆ. ಕೆಲಸ ಹತ್ತು ವರ್ಷದ ನಂತರ ಮತ್ತು ದರ ವರ್ಷಕ್ಕೆ ಶೇ 6ರಂತೆ ಏರುತ್ತದೆ ಎಂದರೆ ಅಂದಿನ ಮೊತ್ತ ₹1.07 ಕೋಟಿ. ಇಂದಿನ ದರದಲ್ಲಿ ಠೇವಣಿ ಪಡೆದು ಬಡ್ಡಿಯಿಲ್ಲದೆ ಇಟ್ಟರೆ ಹತ್ತು ವರ್ಷದಲ್ಲಿ ಅದರ ಕೆಲಸ ಮಾಡುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ದೊಡ್ಡದಾಗಿ ಕಾಣುವ ಈ ಮೊತ್ತವನ್ನು ತೋಡಿದ ಒಟ್ಟು ತೂಕಕ್ಕೆ ಹಂಚಿದರೆ ಚಿತ್ರ ಬದಲಾಗುತ್ತದೆ. ಇಂದಿನ ದರದ ₹59.59 ಲಕ್ಷವನ್ನು 5.95 ಲಕ್ಷ ಟನ್‌ಗೆ ಭಾಗಿಸಿದರೆ ಟನ್ನಿಗೆ ₹10. ಪೂರ್ತಿ ಮುಚ್ಚುವ ₹5.33 ಕೋಟಿಯಾದರೆ ಟನ್ನಿಗೆ ಸುಮಾರು ₹90. ಮೊದಲಿನದು ಜಲ್ಲಿಯ ಬೆಲೆಯೊಳಗೆ ಸೇರಿಸಿಕೊಳ್ಳಬಹುದಾದ ಖರ್ಚು. ಎರಡನೆಯದನ್ನು ಸೇರಿಸಬೇಕಾದರೆ ಆ ಜಾಗದಲ್ಲಿ ಕ್ವಾರಿ ಬೇಕೇ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಹಾಗೆಂದು ಟನ್ನಿಗೆ ₹10ರಂತೆ ವರ್ಷ ವರ್ಷ ಕಟ್ಟಿಸಿಕೊಂಡರೆ ಸಾಲದು. ಮೂರನೇ ವರ್ಷಕ್ಕೇ ಗುತ್ತಿಗೆದಾರ ಕೈಬಿಟ್ಟರೆ ಕೂಡಿರುವುದು ₹18 ಲಕ್ಷ ಮಾತ್ರ. ಬೇಲಿ, ಕಾಲುವೆ, ಸರ್ವೆಯ ಖರ್ಚು ಗುಂಡಿ ಸಣ್ಣದಿದ್ದರೂ ಬಹುಪಾಲು ಅಷ್ಟೇ ಇರುತ್ತದೆ. ಗೋಡೆಗಳು ಇನ್ನೂ ಬೆಂಚಾಗದೆ ನೇರ ನಿಂತಿದ್ದರೆ ಅವನ್ನು ಕತ್ತರಿಸುವ ಖರ್ಚು ಮೇಲೆ ಬರುತ್ತದೆ. ಎಸ್ಟಿಮೇಟನ್ನು ಗುತ್ತಿಗೆಯ ಕೊನೆಯ ದಿನಕ್ಕೆ ಹಾಕುವ ಬದಲು ಖರ್ಚು ಅತಿ ಹೆಚ್ಚಾಗುವ ದಿನಕ್ಕೆ ಹಾಕಬೇಕು ಎಂಬ ನಿಯಮ ಬಂದಿರುವುದು ಇದಕ್ಕಾಗಿಯೇ.

ಇಟ್ಟಿಗೆ ಮಣ್ಣಿನ ಜಮೀನು

ಹರಿಹರದ ಕಡೆ ಕಲ್ಲಿಗಿಂತ ಹೆಚ್ಚು ಜನರಿಗೆ ತಾಗುವುದು ಇಟ್ಟಿಗೆ ಮಣ್ಣಿನ ಲೆಕ್ಕ. ಇಲ್ಲಿ ಗುಂಡಿಯ ಆಳ ಕಡಿಮೆ, ವಿಸ್ತಾರ ಹೆಚ್ಚು. ಹೋಗುವುದು ಬೆಳೆ ಬೆಳೆಯುವ ಮಣ್ಣೇ.

ಒಂದು ಎಕರೆಯನ್ನು ಒಂದು ಮೀಟರ್ ಆಳಕ್ಕೆ ತೆಗೆದರೆ 4,047 ಘನ ಮೀಟರ್ ಮಣ್ಣು ಹೋಗುತ್ತದೆ. ಅಷ್ಟನ್ನೂ ಕೆರೆ ಹೂಳಿನಿಂದ ತುಂಬುವುದಾದರೆ, ಹೂಳು ಪುಕ್ಕಟೆ ಸಿಕ್ಕರೂ ಅಗೆತ, ಸಾಗಣೆಗೆ ಘನ ಮೀಟರಿಗೆ ₹200ರಂತೆ ₹8 ಲಕ್ಷಕ್ಕೂ ಹೆಚ್ಚು. ಮೊದಲೇ ಯೋಚಿಸಿದರೆ ಬೇರೆ ದಾರಿಯಿದೆ. ಮೇಲಿನ 15 ಸೆಂಟಿಮೀಟರ್, ಅಂದರೆ 607 ಘನ ಮೀಟರ್ ಮಣ್ಣನ್ನು ಬದಿಗೆ ತಳ್ಳಿಟ್ಟು, ಕೆಳಗಿನ ಮಣ್ಣು ಒಯ್ದು, ತಳ ಸಮ ಮಾಡಿ, ಮೇಲ್ಮಣ್ಣನ್ನು ವಾಪಸ್ ಹರಡುವುದು. ಎರಡು ಸಲದ ತಳ್ಳುವಿಕೆಗೆ ಘನ ಮೀಟರಿಗೆ ₹120ರಂತೆ ₹73 ಸಾವಿರ. ಸಮತಟ್ಟು, ಬದು, ಬಸಿಗಾಲುವೆಗೆ ₹40 ಸಾವಿರ. ಎರಡು ವರ್ಷ ಹಸಿರೆಲೆ ಗೊಬ್ಬರ, ಕೊಟ್ಟಿಗೆ ಗೊಬ್ಬರಕ್ಕೆ ₹30 ಸಾವಿರ. ಒಟ್ಟು ಸುಮಾರು ₹1.43 ಲಕ್ಷ. ಉಳಿದ 3,440 ಘನ ಮೀಟರಿನಿಂದ ಘನ ಮೀಟರಿಗೆ 500ರಂತೆ ಸುಮಾರು 17 ಲಕ್ಷ ಇಟ್ಟಿಗೆ ಬರುತ್ತವೆ. ಹಂಚಿದರೆ ಒಂದು ಇಟ್ಟಿಗೆಗೆ ಎಂಟು ಪೈಸೆ. ಮಣ್ಣು ಮಾರುವ ದಿನ ಈ ಎಂಟು ಪೈಸೆಯನ್ನು ಕರಾರಿನಲ್ಲಿ ಹಿಡಿದಿಟ್ಟರೆ ಜಮೀನು ಜಮೀನಾಗಿ ಉಳಿಯುತ್ತದೆ.

ನಾಲೆ ನೀರಿನ ಪ್ರದೇಶದಲ್ಲಿ ಆಳವಷ್ಟೇ ಮುಖ್ಯವಾದದ್ದು ಮಟ್ಟ. ನಾಲೆಯ ನೀರು ಇಳಿಜಾರಿನಲ್ಲೇ ಹರಿಯಬೇಕು. ತೂಬಿಗಿಂತ ಎತ್ತರದಲ್ಲಿದ್ದ ದಿಬ್ಬದ ಹೊಲವನ್ನು ಅರ್ಧ ಮೀಟರ್ ತಗ್ಗಿಸಿದರೆ ಅದಕ್ಕೆ ನೀರು ಏರುವಂತಾಗುತ್ತದೆ; ಅಲ್ಲಿ ಮಣ್ಣು ತೆಗೆಯುವುದೇ ಸುಧಾರಣೆ. ಪಕ್ಕದ ಬಸಿಗಾಲುವೆಗಿಂತ ಕೆಳಕ್ಕೆ ಇಳಿದ ಹೊಲದಲ್ಲಿ ಮಾತ್ರ ನೀರು ನಿಂತು ಜವಳಾಗುತ್ತದೆ, ಸವಳು ಏಳುತ್ತದೆ, ಮೇಲಿನ ಹೊಲದ ಬದು ಕುಸಿಯುತ್ತದೆ. ಆದ್ದರಿಂದ ಇಟ್ಟಿಗೆ ಮಣ್ಣಿನ ಎಸ್ಟಿಮೇಟಿಗೆ ಮೊದಲು ಬೇಕಾದದ್ದು ತೂಬು, ಹೊಲ, ಬಸಿಗಾಲುವೆ ಮೂರರ ಮಟ್ಟಗಳ ಸರ್ವೆ. ನೆರೆಹೊಲದವರ ಬದು ಕಟ್ಟಿಕೊಡುವ ಖರ್ಚೂ ಅದರಲ್ಲಿರಬೇಕು.

ಹೊಳೆಯ ಮರಳಿಗೆ ಈ ವಿಧಾನ ಪೂರ್ತಿ ಹೊಂದುವುದಿಲ್ಲ. ತುಂಗಭದ್ರೆಯ ಪಾತ್ರದಲ್ಲಿ ತೆಗೆದ ಗುಂಡಿಯನ್ನು ತುಂಬಬೇಕಾದದ್ದು ಹೊಳೆಯೇ. ಪ್ರತಿ ಮಳೆಗಾಲ ಎಷ್ಟು ಮರಳು ಬಂದು ಸೇರುತ್ತದೆ ಎಂಬ ಮರುಭರ್ತಿ ಅಧ್ಯಯನವೇ ಅಲ್ಲಿ ಎಸ್ಟಿಮೇಟಿನ ಜಾಗದಲ್ಲಿರುತ್ತದೆ. 2016 ಮತ್ತು 2020ರ ಕೇಂದ್ರ ಮರಳು ಮಾರ್ಗಸೂಚಿಗಳು ಒತ್ತು ಕೊಡುವುದೂ ಇದಕ್ಕೇ. ಬರುವುದಕ್ಕಿಂತ ಹೆಚ್ಚು ತೆಗೆದಾಗ ಕುಸಿಯುವ ದಡ, ಬತ್ತುವ ಜಾಕ್‌ವೆಲ್, ಬುಡ ಕಾಣುವ ಸೇತುವೆ ಕಂಬಗಳ ದುರಸ್ತಿಯೇ ಅಲ್ಲಿನ ಖರ್ಚು.

ಕಾನೂನು ಹೇಳುವ ಮೊತ್ತ

ಭಾರತದಲ್ಲಿ ಗಣಿ ಮುಚ್ಚುವ ಯೋಜನೆ ಮತ್ತು ಹಣಕಾಸು ಭರವಸೆ ಕಡ್ಡಾಯವಾದದ್ದು 2003ರಲ್ಲಿ, ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ತಿದ್ದುಪಡಿಯಿಂದ. ಆಗ ಬಳಕೆಯಲ್ಲಿರುವ ಹೆಕ್ಟೇರಿಗೆ ದೊಡ್ಡ, ಯಾಂತ್ರೀಕೃತವಾದ ‘ಎ’ ವರ್ಗದ ಗಣಿಗೆ ₹25,000, ಉಳಿದ ‘ಬಿ’ ವರ್ಗಕ್ಕೆ ₹15,000 ಇತ್ತು. 2017ರ ಹೊಸ ನಿಯಮಗಳಲ್ಲಿ ಅದು ₹3 ಲಕ್ಷ ಮತ್ತು ₹2 ಲಕ್ಷವಾಯಿತು. 2021ರ ನವೆಂಬರ್ ತಿದ್ದುಪಡಿಯಲ್ಲಿ ₹5 ಲಕ್ಷ ಮತ್ತು ₹3 ಲಕ್ಷ. ಕಲ್ಲಿದ್ದಲಿಗೆ 2009ರ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ ₹6 ಲಕ್ಷ ನಿಗದಿ ಮಾಡಿತ್ತು. ಹದಿನೆಂಟು ವರ್ಷಗಳಲ್ಲಿ ₹25,000 ಎಂಬುದು ₹5 ಲಕ್ಷವಾದದ್ದೇ ಮೊದಲ ಅಂದಾಜು ಎಷ್ಟು ಕಡಿಮೆಯಿತ್ತು ಎಂಬುದನ್ನು ಹೇಳುತ್ತದೆ.

ಕಟ್ಟಡ ಕಲ್ಲು, ಗರಸು, ಸಾಮಾನ್ಯ ಮರಳು, ಇಟ್ಟಿಗೆ ಮಣ್ಣು ಇವೆಲ್ಲ ಉಪಖನಿಜಗಳು. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಸೆಕ್ಷನ್ ಇವುಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಜಾರಿಯಲ್ಲಿರುವುದು 1994ರ ಉಪಖನಿಜ ರಿಯಾಯಿತಿ ನಿಯಮಗಳು. ಮೇಲೆ ಹೇಳಿದ ಕೇಂದ್ರದ ಮೊತ್ತಗಳು ಇವಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದಿತು. ಅಲ್ಲಿಂದ ಸಣ್ಣ ಕ್ವಾರಿಗಳಿಗೂ ಪರಿಸರ ನಿರ್ವಹಣಾ ಯೋಜನೆ ಮತ್ತು ಅದರ ಖರ್ಚಿನ ಪಟ್ಟಿ ಬಂತು. ರಸ್ತೆಯಂಥ ಕಾಮಗಾರಿಗಳಿಗೆ ಮಣ್ಣು ತೆಗೆಯಲು 2020ರಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದರಿಂದ ಹೆದ್ದಾರಿ ಬದಿಯ ಗರಸಿನ ಗುಂಡಿಗಳೂ ಆಗ ಲೆಕ್ಕದೊಳಗೆ ಬಂದವು.

ಹೆಕ್ಟೇರಿಗೆ ಇಷ್ಟು ಎಂಬ ಏಕರೂಪ ದರಕ್ಕೆ ಆಳ ಕಾಣಿಸುವುದಿಲ್ಲ. ಮಾದರಿ ಕ್ವಾರಿಗೆ ‘ಎ’ ವರ್ಗದ ₹5 ಲಕ್ಷವನ್ನೇ ಹಾಕಿದರೂ ಬರುವುದು ₹10 ಲಕ್ಷ. ಬಿಡಿ ಕೆಲಸಗಳ ಲೆಕ್ಕ ₹59 ಲಕ್ಷ ದಾಟಿದೆ. ಅದೇ 2 ಹೆಕ್ಟೇರಿನಲ್ಲಿ ಎರಡು ಮೀಟರ್ ಆಳದ ಗರಸಿನ ಗುಂಡಿಯಾಗಿದ್ದರೆ ₹10 ಲಕ್ಷ ಬಹುಮಟ್ಟಿಗೆ ಸಾಕಾಗುತ್ತಿತ್ತು. ವಿಸ್ತೀರ್ಣ ಅಳೆದು ಕೇಳುವ ಠೇವಣಿ ಆಳಕ್ಕೆ ಇಳಿದವನಿಗೆ ರಿಯಾಯಿತಿ, ಮೇಲೆ ಮೇಲೆ ತೆಗೆದವನಿಗೆ ಹೊರೆ.

ಬಳ್ಳಾರಿಯ ಲೆಕ್ಕ

ಮೊದಲು ಲೆಕ್ಕ ಹಾಕದೆ ಆಮೇಲೆ ಹಾಕಿದರೆ ಎಷ್ಟಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ತೀರ್ಪು ಕೊಟ್ಟು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ 166 ಗುತ್ತಿಗೆಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿತು. ಗಡಿ ದಾಟಿ ತೋಡಿದ ಗುಂಡಿಗೆ ಹೆಕ್ಟೇರಿಗೆ ₹5 ಕೋಟಿ, ಗಡಿ ದಾಟಿ ಸುರಿದ ತ್ಯಾಜ್ಯ ರಾಶಿಗೆ ಹೆಕ್ಟೇರಿಗೆ ₹1 ಕೋಟಿ ಪರಿಹಾರ ನಿಗದಿಯಾಯಿತು. ಇದು ದಂಡದ ಅಂಶವೂ ಸೇರಿದ ಮೊತ್ತ. ದುರಸ್ತಿಯ ಎಸ್ಟಿಮೇಟಿನೊಡನೆ ನೇರ ಹೋಲಿಸಲು ಬರುವುದಿಲ್ಲ.

ಹೋಲಿಸಬಹುದಾದದ್ದು ವಿಧಾನ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ಒಂದೊಂದು ಗುತ್ತಿಗೆಗೂ ಪ್ರತ್ಯೇಕ ಪುನಶ್ಚೇತನ ಯೋಜನೆ ಮಾಡಿತು. ರಾಶಿಗಳ ಇಳಿಜಾರು ತಗ್ಗಿಸುವುದು, ಬುಡದಲ್ಲಿ ಗೋಡೆ, ನಾರಿನ ಹೊದಿಕೆ, ಚೆಕ್ ಡ್ಯಾಂ, ಹೂಳು ತಡೆಯುವ ಹೊಂಡ, ಗಿಡ ಎಲ್ಲವೂ ಅಳತೆ ಸಮೇತ ಬಂದವು. ಆ ಯೋಜನೆ ಜಾರಿಗೆ ತರುವುದು ಗಣಿ ಮತ್ತೆ ಆರಂಭಿಸುವ ಷರತ್ತಾಯಿತು. ಗುತ್ತಿಗೆಯ ಗಡಿಯಾಚೆಗಿನ ಹಾನಿಗಾಗಿ ಕೂಡಿದ ಹಣವನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಇದಕ್ಕೆ ವಿರುದ್ಧ ತುದಿಯಲ್ಲಿ ಕೋಲಾರದ ಚಿನ್ನದ ಗಣಿ ಇದೆ. 2001ರಲ್ಲಿ ಅಲ್ಲಿನ ಭಾರತ್ ಗೋಲ್ಡ್ ಮೈನ್ಸ್ ಕಂಪನಿ (ಬಿ.ಜಿ.ಎಂ.ಎಲ್.) ಮುಚ್ಚಿದಾಗ, ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯದ ಸೈನೈಡ್ ದಿಬ್ಬಗಳಿಗೆಂದು ತೆಗೆದಿಟ್ಟ ನಿಧಿ ಇರಲಿಲ್ಲ. ದಿಬ್ಬಗಳು ಊರಿನ ನಡುವೆಯೇ ಉಳಿದವು.

ಠೇವಣಿ ಮರಳಿಸುವ ಹಂತಗಳು

ಎಸ್ಟಿಮೇಟಿನ ಕೊನೆಯ ಭಾಗ, ಹಣ ಯಾವಾಗ ವಾಪಸ್ ಎಂಬುದು. ಅಮೆರಿಕದ ಕಾಯ್ದೆಯಲ್ಲಿ ನೆಲ ತುಂಬಿ, ಆಕಾರ ಕೊಟ್ಟು, ಕಾಲುವೆ ಮಾಡಿದ ಮೇಲೆ ಠೇವಣಿಯ ಶೇ 60ರವರೆಗೆ ಬಿಡುಗಡೆಯಾಗಬಹುದು. ಉಳಿದದ್ದು ಗಿಡ ಹಿಡಿದ ಮೇಲೆ. ಗಿಡದ ಹೊಣೆ ಸಾಮಾನ್ಯವಾಗಿ ಐದು ವರ್ಷ; ವಾರ್ಷಿಕ ಮಳೆ 26 ಇಂಚು ಅಥವಾ ಅದಕ್ಕಿಂತ ಕಡಿಮೆಯಿರುವ ಕಡೆ ಹತ್ತು ವರ್ಷ. 26 ಇಂಚು ಎಂದರೆ 660 ಮಿ.ಮೀ. ಆ ಅಳತೆಗೋಲಿನಲ್ಲಿ ದಾವಣಗೆರೆಯ ನೆಲ ಹತ್ತು ವರ್ಷದ ಪಟ್ಟಿಗೆ ಸೇರುತ್ತದೆ. ಮೂರು ವರ್ಷದ ಪೋಷಣೆಗೆ ಹಣ ಬರೆದು ನಾಲ್ಕನೇ ವರ್ಷ ಬ್ಯಾಂಕ್ ಗ್ಯಾರಂಟಿ ಬಿಟ್ಟುಕೊಡುವುದು ಈ ಮಳೆಗೆ ಅವಸರದ ಕ್ರಮ.

ಗುತ್ತಿಗೆದಾರ ಯಾರೆಂದೇ ಗೊತ್ತಿಲ್ಲದ ಹಳೆಯ ಗುಂಡಿಗಳಿಗೆ ಠೇವಣಿ ಕೇಳಲು ಆಗುವುದಿಲ್ಲ. ಅವಕ್ಕೆ ಬೇಕಾದದ್ದು ಕೂಡುನಿಧಿ. ಪಶ್ಚಿಮ ಆಸ್ಟ್ರೇಲಿಯಾ 2012ರ ಕಾಯ್ದೆಯಡಿ ಪ್ರತಿ ಗಣಿಯ ಪುನಶ್ಚೇತನ ಹೊಣೆಯನ್ನು ಅಂದಾಜು ಮಾಡಿ, ಅದರ ಶೇ 1ರಷ್ಟನ್ನು ವರ್ಷ ವರ್ಷ ಸಾಮಾನ್ಯ ನಿಧಿಗೆ ಪಡೆಯುತ್ತದೆ. ಬಡ್ಡಿಯ ಹಣ ಹಳೆಯ ಗಣಿಗಳ ದುರಸ್ತಿಗೆ ಹೋಗುತ್ತದೆ. ಇಲ್ಲಿ ಅಂಥ ಕೆಲಸಕ್ಕೆ ಸಿಗುವ ಬಾಗಿಲು 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ. ಅದರ ಹಣವನ್ನು ಆದ್ಯತೆಯ ಮೇಲೆ ಬಳಸಬಹುದಾದ ಬಾಬತ್ತುಗಳಲ್ಲಿ ಪರಿಸರ ಸಂರಕ್ಷಣೆಯೂ ಒಂದು. ಜಿಲ್ಲೆಯ ಪ್ರತಿ ಹಳೆಯ ಗುಂಡಿಯ ಸರ್ವೆ ನಂಬರ್, ವಿಸ್ತೀರ್ಣ, ಆಳ, ನೀರಿನ ಮಟ್ಟ, ಹತ್ತಿರದ ಮನೆ ಶಾಲೆಗಳ ದೂರ ಇವುಗಳ ಪಟ್ಟಿಯಿದ್ದರೆ ಯಾವುದಕ್ಕೆ ಮೊದಲು ಬೇಲಿ, ಯಾವುದಕ್ಕೆ ಹೂಳು, ಯಾವುದಕ್ಕೆ ಗಿಡ ಎಂಬುದನ್ನು ಇಲ್ಲಿ ಹೇಳಿದ ಕ್ರಮದಲ್ಲೇ ಬೆಲೆ ಕಟ್ಟಿ ಸರದಿಗೆ ಹಾಕಬಹುದು. ಡ್ರೋನ್ ಸರ್ವೆಯಿಂದ ಗುಂಡಿಯ ಗಾತ್ರ ತೆಗೆಯುವುದು ಈಗ ಕಷ್ಟವಲ್ಲ. ಹೊಸ ಗುತ್ತಿಗೆಗಳಿಗೂ ಅದೇ ಸರ್ವೆಯನ್ನು ಪ್ರತಿವರ್ಷ ಮಾಡಿಸಿ, ತೋಡಿದ ಆಳಕ್ಕೆ ತಕ್ಕಂತೆ ಠೇವಣಿಯನ್ನು ಏರಿಸುತ್ತ, ಮುಗಿದ ಕೆಲಸಕ್ಕೆ ತಕ್ಕಂತೆ ಇಳಿಸುತ್ತ ಹೋದರೆ, ಗುತ್ತಿಗೆ ಮುಗಿಯುವ ದಿನ ಗುಂಡಿಯ ಖರ್ಚೂ ಕೈಯಲ್ಲಿರುವ ಹಣವೂ ಸರಿಹೊಂದುತ್ತವೆ.